ಮನೆಯಲ್ಲೇ ಕಲಿಯುವ ಹದಿಹರೆಯದವರಿಗೆ ಕಥೆ ಬರೆಯುವುದನ್ನು ಕಲಿಸುವ ಬಗೆ

ಮನೆಯಲ್ಲೇ ಓದುವ ಮಕ್ಕಳಿಗೆ ಗಣಿತವನ್ನೋ ವಿಜ್ಞಾನವನ್ನೋ ಹೇಳಿಕೊಡುವಾಗ ಇರದ ಒಂದು ತೊಡಕು, ಕಥೆ ಬರೆಯುವುದನ್ನು ಕಲಿಸಲು ಕುಳಿತಾಗ ತಂದೆತಾಯಿಗೆ ಎದುರಾಗುತ್ತದೆ. ಲೆಕ್ಕದ ಉತ್ತರ ಸರಿಯೋ ತಪ್ಪೋ ಎಂಬುದನ್ನು ಪುಸ್ತಕದ ಕೊನೆಯ ಪುಟವೇ ಹೇಳುತ್ತದೆ. ಕಥೆಗೆ ಅಂಥ ಪುಟವಿಲ್ಲ. ಶಾಲೆಯಲ್ಲಾದರೆ ತಿದ್ದುವ ಮೇಷ್ಟರು ಬೇರೆ, ಓದಿ ನಗುವ ಗೆಳೆಯರು ಬೇರೆ, ಸಂಜೆ ಮನೆಯಲ್ಲಿ ಓದಿಸಿ ಕೇಳುವವರು ಬೇರೆ. ಮನೆಯಲ್ಲಿ ಕಲಿಯುವ ಹುಡುಗಿಗೆ ಈ ಮೂವರೂ ಒಬ್ಬರೇ ಆಗಿಬಿಡುತ್ತಾರೆ. ಊಟಕ್ಕೆ ಕರೆಯುವ ಕಂಠವೇ ಕಥೆಯ ಮೇಲೂ ತೀರ್ಪು ಕೊಡುತ್ತದೆ.

ನನ್ನ ಮಗಳು 14ನೆಯ ವಯಸ್ಸಿನಲ್ಲಿ ಬರೆದ ಮೊದಲ ದೊಡ್ಡ ಕಥೆಯನ್ನು ನಾನು ಕೆಂಪು ಪೆನ್ನು ಹಿಡಿದು ಓದಿದೆ. ತಪ್ಪಿದ ಒತ್ತಕ್ಷರಗಳಿಗೆ ಗೆರೆ ಎಳೆದೆ, ಅಲ್ಪಪ್ರಾಣ ಮಹಾಪ್ರಾಣಗಳನ್ನು ಸರಿಪಡಿಸಿದೆ, ಎರಡು ಕಡೆ 'ಚೆನ್ನಾಗಿದೆ' ಎಂದು ಬರೆದೆ. ಅವಳು ಪುಟಗಳನ್ನು ತಿರುವಿ ನೋಡಿ, "ಕಥೆಯಲ್ಲಿ ಅಜ್ಜ ಸತ್ತುಹೋದ, ಅಮ್ಮ. ಅದು ನಿನಗೆ ಗೊತ್ತಾಯಿತಾ?" ಎಂದು ಕೇಳಿದಳು. ಗೊತ್ತಾಗಿತ್ತು; ಆದರೆ ಆ ಪುಟದಲ್ಲಿ ನಾನು ಗುರುತು ಮಾಡಿದ್ದು ಒಂದು ಅಲ್ಪವಿರಾಮವನ್ನು ಮಾತ್ರ. ಆಮೇಲೆ ಐದಾರು ತಿಂಗಳು ಅವಳು ತಾನು ಬರೆದದ್ದೇನನ್ನೂ ನನಗೆ ತೋರಿಸಲಿಲ್ಲ. ಅಲ್ಲಿಂದೀಚೆಗೆ ಕಲಿಸುವ ಕ್ರಮವನ್ನು ಮೊದಲಿನಿಂದ ಕಟ್ಟಿಕೊಳ್ಳಬೇಕಾಯಿತು. ಮನೆಯಲ್ಲಿ ಕಥೆ ಕಲಿಸುವವರು ಮೊದಲು ಒಳ್ಳೆಯ ಓದುಗರಾಗಬೇಕು, ತಿದ್ದುವ ಕೆಲಸ ಅದರ ಹಿಂದೆ ಬರಬೇಕು ಎಂಬ ಒಂದು ತಿಳಿವಳಿಕೆಯ ಸುತ್ತಲೇ ಆ ಕ್ರಮ ನಿಂತಿದೆ.

ಶುರುಮಾಡುವ ಮುನ್ನ

ವಾರಕ್ಕೆ ಎರಡು ಅಥವಾ ಮೂರು ದಿನ, ಒಂದೊಂದು ಗಂಟೆ ಸಾಕು. ದಿನವೂ ಬರೆಯಲೇಬೇಕೆಂಬ ನಿಯಮ ಕೆಲವರಿಗೆ ಒಗ್ಗುತ್ತದೆ, ಹಲವರನ್ನು ಬೇಸರಗೊಳಿಸುತ್ತದೆ. ಎರಡು ನೋಟ್‌ಬುಕ್ ಇರಲಿ. ಒಂದು ಸಂಪೂರ್ಣವಾಗಿ ಮಗುವಿನದು, ಅದನ್ನು ನೀವು ತೆರೆಯುವಂತಿಲ್ಲ. ಇನ್ನೊಂದು ನಿಮಗೆ ತೋರಿಸಲೆಂದೇ ಇರುವುದು. ಮೊದಲನೆಯದರ ಬಗ್ಗೆ ಕೊಟ್ಟ ಮಾತನ್ನು ಕಟ್ಟುನಿಟ್ಟಾಗಿ ಉಳಿಸಿಕೊಳ್ಳಬೇಕು. ಒಂದೇ ಮನೆಯಲ್ಲಿ ದಿನವಿಡೀ ಜೊತೆಗಿರುವ ಮಕ್ಕಳಿಗೆ ತಮ್ಮದೇ ಎಂಬ ಜಾಗ ಬಹಳ ಕಡಿಮೆ. ಕಥೆ ಹುಟ್ಟುವುದಕ್ಕೆ ಅಂಥದೊಂದು ಜಾಗ ಬೇಕೇ ಬೇಕು.

ಪ್ರತಿ ಪಾಠವನ್ನೂ ಹತ್ತು ನಿಮಿಷದ ತಡೆಯಿಲ್ಲದ ಬರವಣಿಗೆಯಿಂದ ಆರಂಭಿಸಬಹುದು. ಪೆನ್ನು ನಿಲ್ಲಿಸದೆ, ಹಿಂತಿರುಗಿ ಓದದೆ, ಹೊಡೆದುಹಾಕದೆ ಬರೆಯುತ್ತ ಹೋಗುವ ಈ ಅಭ್ಯಾಸವನ್ನು ಅಮೆರಿಕದ ಬರವಣಿಗೆಯ ಅಧ್ಯಾಪಕ ಪೀಟರ್ ಎಲ್ಬೋ 1973ರ ತಮ್ಮ ಪುಸ್ತಕದಲ್ಲಿ ವಿವರಿಸಿದ ಮೇಲೆ ಅದು ಬಹಳ ಕಡೆ ಬಳಕೆಗೆ ಬಂತು. ಇದರಿಂದ ಹುಟ್ಟುವ ಬರಹ ಚೆನ್ನಾಗಿರಬೇಕಿಲ್ಲ. ಬರೆಯುವಾಗಲೇ ತಿದ್ದುವ ಒಳಗಿನ ಧ್ವನಿಯನ್ನು ಹತ್ತು ನಿಮಿಷದ ಮಟ್ಟಿಗೆ ಬದಿಗಿಡುವುದಷ್ಟೇ ಇದರ ಕೆಲಸ. ನೀವೂ ಪಕ್ಕದಲ್ಲಿ ಕುಳಿತು ಬರೆಯಿರಿ. ಇದನ್ನು ಒತ್ತಿ ಹೇಳುತ್ತೇನೆ: ಬರೆಯುವುದು ಎಷ್ಟು ಕಷ್ಟ ಎಂಬುದು ಬರೆಯದೆ ಕಲಿಸುವವರಿಗೆ ಒಂದೇ ತಿಂಗಳಲ್ಲಿ ಮರೆತುಹೋಗುತ್ತದೆ.

ಕಥೆಗಾರರ ಕಣ್ಣಿನಿಂದ ಓದುವುದು

ಓದುವ ಮಕ್ಕಳೆಲ್ಲ ಬರೆಯುತ್ತಾರೆ ಎಂಬ ನಂಬಿಕೆ ಪೂರ್ತಿ ನಿಜವಲ್ಲ. ರಾತ್ರಿಯೆಲ್ಲ ಕಾದಂಬರಿ ಓದುವ ಹುಡುಗನಿಗೂ ಆ ಕಾದಂಬರಿಯ ಮೊದಲ ಪುಟದಲ್ಲಿ ಲೇಖಕರು ಏನನ್ನು ಹೇಳಿದರು, ಏನನ್ನು ಮುಚ್ಚಿಟ್ಟರು ಎಂಬುದು ಕಾಣದೇ ಇರಬಹುದು, ಏಕೆಂದರೆ ಅವನು ಕಥೆಯ ಒಳಗೆ ಇದ್ದಾನೆ, ಅದರ ಹಿಂಬದಿಗೆ ಹೋಗಿಲ್ಲ. ಅವನನ್ನು ಅಲ್ಲಿಗೆ ಕರೆದೊಯ್ಯಲು ಇಡೀ ಪುಸ್ತಕ ಬೇಡ. ಒಂದು ಸಣ್ಣಕಥೆಯ ಒಂದೂವರೆ ಪುಟ ಸಾಕು. ಮೊದಲು ಗಟ್ಟಿಯಾಗಿ ಓದಿ. ಆಮೇಲೆ ಪೆನ್ಸಿಲ್ ಹಿಡಿದು, ಇಲ್ಲಿ ಎಷ್ಟು ಹೊತ್ತು ಕಳೆಯಿತು, ಐದು ನಿಮಿಷವೋ ಐದು ವರ್ಷವೋ, ಯಾವ ವಾಕ್ಯದಲ್ಲಿ ಕಾಲ ಜಿಗಿಯಿತು, ಈ ಪಾತ್ರ ಸಿಟ್ಟಿನಲ್ಲಿದೆ ಎಂದು ನಮಗೆ ಹೇಳಿದ್ದು ಯಾರು ಎಂದು ಜೊತೆಯಾಗಿ ಹುಡುಕಿ. 'ಕಥೆಯ ನೀತಿ ಏನು' ಎಂಬ ಪ್ರಶ್ನೆಯನ್ನು ಈ ತರಗತಿಯಲ್ಲಿ ಕೇಳಬೇಡಿ. ಆ ಪ್ರಶ್ನೆಗೆ ಒಗ್ಗಿದ ಮಕ್ಕಳು ನೀತಿಯನ್ನು ಮೊದಲು ಇಟ್ಟುಕೊಂಡು ಅದಕ್ಕೆ ಪಾತ್ರಗಳನ್ನು ಹೊಂದಿಸಲು ಹೊರಡುತ್ತಾರೆ. ಅಂಥ ಕಥೆಗಳಲ್ಲಿ ಜನ ಇರುವುದಿಲ್ಲ.

ಇನ್ನೊಂದು ಹಳೆಯ ಅಭ್ಯಾಸ, ಮೆಚ್ಚಿದ ಪುಟವೊಂದನ್ನು ಕೈಯಲ್ಲಿ ನಕಲು ಮಾಡುವುದು. ಕಣ್ಣು ಹಾರಿಸಿಕೊಂಡು ಹೋಗುವ ಸಣ್ಣ ಪದಗಳು ಕೈಗೆ ಸಿಗುತ್ತವೆ. ಬಳಿಕ ಅದೇ ವಾಕ್ಯಗಳ ಅಚ್ಚಿನಲ್ಲಿ ತನ್ನದೇ ಬೇರೆ ವಿಷಯವನ್ನು ತುಂಬಿ ಬರೆಯಲಿ. ಇದನ್ನು ಕದಿಯುವುದೆಂದು ಮಗು ತಿಳಿಯದಿರಲಿ, ಅದನ್ನು ಸ್ವಂತ ಕಥೆಯೆಂದು ಹೊರಗೆ ತೋರಿಸದಿದ್ದರೆ ಆಯಿತು. ಸಂಗೀತ ಕಲಿಯುವವರು ಗುರು ಹಾಡಿದಂತೆಯೇ ವರ್ಷಗಟ್ಟಲೆ ಹಾಡುವುದಿಲ್ಲವೇ?

ಹದಿಹರೆಯದವರು ಬಹುಪಾಲು ಬರುವುದು ಸಣ್ಣಕಥೆ ಬರೆಯುವ ಆಸೆಯಿಂದಲ್ಲ. ಏಳು ಸಂಪುಟಗಳ ಅದ್ಭುತ ಕಾದಂಬರಿ, ಅದಕ್ಕೊಂದು ನಕಾಶೆ, ಮೂರು ರಾಜವಂಶಗಳ ವಂಶಾವಳಿ, ಇವೆಲ್ಲ ಸಿದ್ಧವಾಗಿರುತ್ತವೆ. ಮೊದಲ ಅಧ್ಯಾಯ ಮಾತ್ರ ಆರು ತಿಂಗಳಿಂದ ಮೊದಲ ಅಧ್ಯಾಯವಾಗಿಯೇ ಉಳಿದಿರುತ್ತದೆ. ಆ ಕನಸನ್ನು ಕೈಬಿಡು ಎನ್ನಬೇಡಿ. ಅಮೆರಿಕದ ಕಥೆಗಾರ ಎಡ್ಗರ್ ಅಲನ್ ಪೋ 1842ರಲ್ಲಿ ಬರೆದ ಒಂದು ವಿಮರ್ಶೆಯಲ್ಲಿ, ಸಣ್ಣಕಥೆಯನ್ನು ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಒಂದೇ ಕೂರಿಕೆಯಲ್ಲಿ ಓದಿ ಮುಗಿಸುವಂತಿರಬೇಕು, ಅದರ ಪ್ರತಿ ಪದವೂ ಮೊದಲೇ ನಿಶ್ಚಯಿಸಿದ ಒಂದೇ ಪರಿಣಾಮಕ್ಕೆ ದುಡಿಯಬೇಕು ಎಂದು ವಾದಿಸಿದ. ಆ ಅಳತೆಯನ್ನು ಮಗುವಿನ ಮಹಾಕಾದಂಬರಿಗೇ ಹಚ್ಚಬಹುದು: ಆ ಲೋಕದ ಯಾವುದೋ ಒಂದು ಊರಿನಲ್ಲಿ, ಮುಖ್ಯ ಕಥೆಗೆ ಸಂಬಂಧವೇ ಇಲ್ಲದ ಒಬ್ಬ ಕಾವಲುಗಾರನಿಗೆ ಒಂದು ರಾತ್ರಿ ಏನಾಯಿತು? ಅದನ್ನು ಸಾವಿರದ ಐನೂರು ಪದಗಳಲ್ಲಿ ಬರೆದು ಮುಗಿಸಲಿ. ಮುಗಿಸುವುದು ಎಂದರೇನು ಎಂಬುದು ಮುಗಿಸಿದವರಿಗೆ ಮಾತ್ರ ಗೊತ್ತಾಗುವ ಸಂಗತಿ. ಮೊದಲ ವರ್ಷದಲ್ಲಿ ಅಪೂರ್ಣವಾದ ಹತ್ತು ಅಧ್ಯಾಯಗಳಿಗಿಂತ ಪೂರ್ಣವಾದ ನಾಲ್ಕು ಸಣ್ಣ ಕಥೆಗಳು ಹೆಚ್ಚು ಕಲಿಸುತ್ತವೆ.

ಸನ್ನಿವೇಶದಿಂದ ಆರಂಭ

'ಒಂದು ಕಥೆ ಬರಿ' ಎಂಬುದು ಮಗುವಿಗೆ ತುಂಬ ದೊಡ್ಡ ಕೆಲಸ. 'ಒಂದು ವಾಕ್ಯ ಬರಿ' ಎಂಬುದು ತುಂಬ ಚಿಕ್ಕದು. ಕಲಿಸಲು ಸರಿಯಾದ ಅಳತೆ ಸನ್ನಿವೇಶ. ಒಂದು ಜಾಗ, ತಡೆಯಿಲ್ಲದೆ ಸಾಗುವ ಸ್ವಲ್ಪ ಹೊತ್ತು, ಇಬ್ಬರು ಜನ. ಅವರಲ್ಲಿ ಒಬ್ಬರಿಗೆ ಏನೋ ಬೇಕಾಗಿದೆ, ಅದು ಸುಲಭವಾಗಿ ಸಿಗುತ್ತಿಲ್ಲ, ಸನ್ನಿವೇಶ ಮುಗಿಯುವಾಗ ಅವರ ನಡುವೆ ಏನೋ ಬದಲಾಗಿದೆ. ಬೇಕಾದದ್ದು ದೊಡ್ಡದಾಗಿರಬೇಕಿಲ್ಲ. ಒಂದು ಬೀಗದ ಕೈ, ಒಂದು ಕ್ಷಮೆ, ಕಿಟಕಿಯ ಪಕ್ಕದ ಜಾಗ ಯಾವುದಾದರೂ ಆದೀತು. ಮೊದಲ ಎರಡು ತಿಂಗಳು ನಾನು ಇದೊಂದನ್ನೇ ಮಾಡಿಸುತ್ತೇನೆ. ಬಿಡಿ ಸನ್ನಿವೇಶಗಳು, ತಲಾ ಮುನ್ನೂರು ನಾನೂರು ಪದ, ಮೊದಲೂ ಕೊನೆಯೂ ಬೇಡ.

ನನ್ನ ಮಗ ಹಾಗೆ ಬರೆದ ಒಂದು ತುಣುಕು ಮೊದಲ ಕರಡಿನಲ್ಲಿ ಹೀಗಿತ್ತು:

"ರವಿಗೆ ತುಂಬಾ ಬೇಸರವಾಗಿತ್ತು. ಅವನಿಗೆ ಅಣ್ಣನ ಮೇಲೆ ಸಿಟ್ಟು ಬಂದಿತ್ತು. ಅಣ್ಣ ಮನೆ ಬಿಟ್ಟು ದೂರ ಹೋಗುವುದು ಅವನಿಗೆ ಸ್ವಲ್ಪವೂ ಇಷ್ಟವಿರಲಿಲ್ಲ."

ಇದರಲ್ಲಿ ತಪ್ಪಿಲ್ಲ, ಆದರೆ ನೋಡುವುದಕ್ಕೂ ಏನೂ ಇಲ್ಲ. ನಾನು ಏನನ್ನೂ ತಿದ್ದದೆ ಮೂರು ಪ್ರಶ್ನೆ ಮಾತ್ರ ಕೇಳಿದೆ. ಈಗ ಇಬ್ಬರೂ ಎಲ್ಲಿ ನಿಂತಿದ್ದಾರೆ? ರವಿಯ ಹತ್ತಿರ ಏನಿದೆ? ಮುಂದಿನ ಐದು ನಿಮಿಷದಲ್ಲಿ ಅವನಿಗೆ ಏನಾಗಬೇಕು? ಮೂರನೆಯ ಕರಡಿನಲ್ಲಿ ಇದು ಬಂತು:

"ಅಣ್ಣ ಪೆಟ್ಟಿಗೆಯ ಮುಚ್ಚಳ ಒತ್ತಿ ಹಿಡಿದು, 'ಇದರ ಮೇಲೆ ಕೂತ್ಕೊಳ್ಳೋ ಸ್ವಲ್ಪ' ಎಂದ. ರವಿ ಕೂತ. ಬೀಗ ಹಾಕಲು ಅಣ್ಣ ಕೀಲಿಕೈ ಹುಡುಕಿದ, ಮೇಜಿನ ಮೇಲೆ ಇರಲಿಲ್ಲ. ದಿಂಬಿನ ಕೆಳಗೆ ಇರಲಿಲ್ಲ. 'ಇಲ್ಲೇ ಇಟ್ಟಿದ್ದೆನಲ್ಲೋ' ಎನ್ನುತ್ತ ಮಂಚದ ಕೆಳಗೆ ಬಗ್ಗಿ ನೋಡಿದ. ರವಿಯೂ ಇಳಿದು ಬಂದು ಬಗ್ಗಿ ಹುಡುಕಿದ. ಬಗ್ಗಿದಾಗ ಜೇಬಿನಲ್ಲಿದ್ದ ಕೀಲಿಕೈ ತೊಡೆಗೆ ಒತ್ತಿತು."

ಬೇಸರ, ಸಿಟ್ಟು, ಇಷ್ಟವಿಲ್ಲ ಎಂಬ ಮೂರೂ ಪದಗಳು ಹೊರಟುಹೋಗಿವೆ, ಮೂರೂ ಭಾವಗಳು ಉಳಿದಿವೆ. ಈ ಎರಡು ತುಣುಕುಗಳನ್ನು ಅಕ್ಕಪಕ್ಕ ಇಟ್ಟು ಓದಿದಾಗ ಮಗುವಿಗೆ ಆಗುವ ತಿಳಿವಳಿಕೆಯನ್ನು ಯಾವ ವ್ಯಾಖ್ಯಾನವೂ ಕೊಡಲಾರದು. ನಿಮ್ಮ ಮನೆಯಲ್ಲೂ ಇಂಥ ಜೋಡಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಮುಂದಿನ ಪಾಠಗಳಿಗೆ ಅದಕ್ಕಿಂತ ಒಳ್ಳೆಯ ಪಠ್ಯ ಸಿಗುವುದಿಲ್ಲ.

ಇಲ್ಲೊಂದು ಎಚ್ಚರಿಕೆ ಬೇಕು. 'ಹೇಳಬೇಡ, ತೋರಿಸು' ಎಂಬ ಬುದ್ಧಿಮಾತನ್ನು ಬರವಣಿಗೆಯ ತರಗತಿಗಳಲ್ಲಿ ವೇದವಾಕ್ಯದಂತೆ ಹೇಳಲಾಗುತ್ತದೆ. ಅದನ್ನು ಅಕ್ಷರಶಃ ಪಾಲಿಸುವ ಮಗು ಬಾಗಿಲು ತೆರೆಯುವುದನ್ನೂ ಅರ್ಧ ಪುಟ ತೋರಿಸುತ್ತದೆ. 'ಆಮೇಲೆ ಮೂರು ವರ್ಷ ಅವರು ಮಾತಾಡಲಿಲ್ಲ' ಎಂದು ಹೇಳಿ ಮುಂದೆ ಹೋಗುವುದೂ ಕಥೆಗಾರರ ಕಲೆಯೇ. ಯಾವುದನ್ನು ನಿಧಾನವಾಗಿ ತೋರಿಸಬೇಕು, ಯಾವುದನ್ನು ಒಂದು ವಾಕ್ಯದಲ್ಲಿ ದಾಟಿಸಬೇಕು ಎಂಬ ವಿವೇಕ ಬರಲು ವರ್ಷ ಬೇಕಾಗಬಹುದು, ಅದಕ್ಕೆ ಅವಸರಪಡಬೇಡಿ.

ಸನ್ನಿವೇಶ ಕೈಗೆ ಹತ್ತಿದ ಮೇಲೆ ಅದನ್ನೇ ಬೇರೆಯವರ ಕಣ್ಣಿನಿಂದ ಬರೆಸಬಹುದು. ಬೀಗದ ಕೈಯ ಸನ್ನಿವೇಶವನ್ನು ಒಮ್ಮೆ 'ನಾನು' ಎನ್ನುವ ರವಿ ಹೇಳಲಿ, ಒಮ್ಮೆ ಅಣ್ಣನ ಬೆನ್ನಿಗೆ ನಿಂತ ನಿರೂಪಕ ಹೇಳಲಿ, ಮತ್ತೊಮ್ಮೆ ಬಾಗಿಲಲ್ಲಿ ನಿಂತು ನೋಡಿದ ಅಮ್ಮ ಹೇಳಲಿ. ಅಣ್ಣನ ಕಡೆಯಿಂದ ಹೇಳಿದಾಗ ಕೈ ಎಲ್ಲಿದೆ ಎಂಬುದು ಓದುಗರಿಗೂ ತಿಳಿಯುವುದಿಲ್ಲ, ಕಥೆಯೇ ಬೇರೆಯಾಗುತ್ತದೆ. ದೃಷ್ಟಿಕೋನದ ಪಾಠಕ್ಕೆ ಇಷ್ಟು ಸಾಕು.

ಮಾತು, ಮತ್ತು ಕನ್ನಡದ ಅನುಕೂಲಗಳು

ಪಠ್ಯಪುಸ್ತಕದ ಭಾಷೆಯಲ್ಲಿ ಪಳಗಿದ ಮಕ್ಕಳ ಪಾತ್ರಗಳು 'ನೀನು ಎಲ್ಲಿಗೆ ಹೋಗುತ್ತಿರುವೆ?' ಎಂದು ಕೇಳುತ್ತವೆ, 'ನಾನು ಮನೆಗೆ ಹೋಗುತ್ತಿರುವೆನು' ಎಂದು ಉತ್ತರಿಸುತ್ತವೆ. ಹಾಗೆ ಮಾತಾಡುವವರನ್ನು ಆ ಮಗು ಜೀವನದಲ್ಲಿ ಕಂಡಿರುವುದಿಲ್ಲ. ನಿರೂಪಣೆ ಶಿಷ್ಟ ಕನ್ನಡದಲ್ಲಿ ಇರಬಹುದು, ಮಾತು ಆಡುಗನ್ನಡದಲ್ಲೇ ಇರಬೇಕು, ಅದೂ ಆ ಪಾತ್ರ ಯಾವ ಸೀಮೆಯದೋ ಆ ಸೀಮೆಯ ಕನ್ನಡದಲ್ಲಿ. ಮನೆಯವರ ಒಪ್ಪಿಗೆ ಪಡೆದು ಎರಡು ನಿಮಿಷದ ಮಾತುಕತೆಯನ್ನು ಫೋನಿನಲ್ಲಿ ಧ್ವನಿಮುದ್ರಿಸಿ, ಅದನ್ನು ಇದ್ದದ್ದು ಇದ್ದ ಹಾಗೆ ಬರೆದಿಳಿಸಲು ಹೇಳಿ. ಜನ ಪ್ರಶ್ನೆಗೆ ನೇರ ಉತ್ತರ ಕೊಡುವುದು ಎಷ್ಟು ಕಡಿಮೆ, ವಾಕ್ಯಗಳನ್ನು ಅರ್ಧಕ್ಕೆ ಬಿಡುವುದು ಎಷ್ಟು ಹೆಚ್ಚು, ಒಬ್ಬರು ಒಂದು ವಿಷಯ ಎತ್ತಿದರೆ ಇನ್ನೊಬ್ಬರು ತಮ್ಮ ಮನಸ್ಸಿನಲ್ಲಿದ್ದ ಬೇರೆಯದನ್ನೇ ಹೇಳುವುದು ಹೇಗೆ ಎಂಬುದೆಲ್ಲ ಆಗ ಕಾಗದದ ಮೇಲೆ ಕಾಣುತ್ತದೆ. ಬರೆದಿಳಿಸಿದ್ದನ್ನು ಹಾಗೆಯೇ ಕಥೆಯಲ್ಲಿ ಇಡಲಾಗದು; ಅದರಲ್ಲಿ ಮುಕ್ಕಾಲು ಭಾಗ ತೆಗೆದರೂ ಆಡಿದ ಮಾತಿನಂತೆಯೇ ಕೇಳಿಸಬೇಕು ಎಂಬುದು ಮುಂದಿನ ಅಭ್ಯಾಸ.

ನಮ್ಮ ಭಾಷೆ ಕಥೆಗಾರರಿಗೆ ಬಿಟ್ಟಿಯಾಗಿ ಕೊಟ್ಟಿರುವ ಕೆಲವು ಸಾಧನಗಳಿವೆ, ಅವನ್ನು ಮಕ್ಕಳಿಗೆ ತೋರಿಸಿಕೊಡಬೇಕು. ಏಕವಚನ ಬಹುವಚನಗಳೇ ಒಂದು. ಎಂದೂ 'ನೀವು' ಎನ್ನುತ್ತಿದ್ದವಳು ಜಗಳದ ನಡುವೆ ಒಮ್ಮೆ 'ನೀನು' ಎಂದುಬಿಟ್ಟರೆ ಅವರಿಬ್ಬರ ಸಂಬಂಧ ಮುರಿದ ಕ್ಷಣ ಅದೇ. 'ಅವಳಿಗೆ ತಡೆಯಲಾರದ ಕೋಪ ಬಂತು' ಎಂದು ಬರೆಯುವ ಅಗತ್ಯವೇ ಬೀಳುವುದಿಲ್ಲ. ನಿರೂಪಕನು ಒಂದು ಪಾತ್ರವನ್ನು 'ಬಂದ' ಎನ್ನುತ್ತಾನೋ 'ಬಂದರು' ಎನ್ನುತ್ತಾನೋ ಎಂಬುದರಿಂದಲೇ ಆ ನಿರೂಪಕ ಯಾರು, ಎಷ್ಟು ವಯಸ್ಸಿನವನು ಎಂಬುದು ಗೊತ್ತಾಗುತ್ತದೆ. ಕ್ರಿಯಾಪದವೇ ಲಿಂಗ ವಚನಗಳನ್ನು ಹೊತ್ತುಕೊಂಡಿರುವುದರಿಂದ 'ಅವನು', 'ಅವಳು' ಎಂದು ವಾಕ್ಯ ವಾಕ್ಯಕ್ಕೂ ಬರೆಯಬೇಕಿಲ್ಲ. ಮಕ್ಕಳ ಒಂದು ಪುಟದಲ್ಲಿರುವ ಸರ್ವನಾಮಗಳಿಗೆಲ್ಲ ಸುತ್ತು ಹಾಕಿಸಿ, ಅರ್ಥ ಕೆಡದಂತೆ ಎಷ್ಟನ್ನು ತೆಗೆಯಬಹುದೋ ತೆಗೆಸಿ ನೋಡಿ, ಪುಟ ಹಗುರಾಗುತ್ತದೆ.

ಇದೇ ವ್ಯಾಕರಣ ಒಂದು ತೊಂದರೆಯನ್ನೂ ತರುತ್ತದೆ. ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ ಹೊಸಬರ ಬರಹದಲ್ಲಿ 'ಇತ್ತು, ಬಂದಿತ್ತು, ನಿಂತಿತ್ತು' ಎಂಬ ತಾಳ ಶುರುವಾಗಿ ನಿಲ್ಲುವುದೇ ಇಲ್ಲ. ಸತತ ಹತ್ತು ವಾಕ್ಯಗಳ ಕೊನೆಯ ಪದಗಳನ್ನಷ್ಟೇ ಕೆಳಕ್ಕೆ ಪಟ್ಟಿಮಾಡಿ ಗಟ್ಟಿಯಾಗಿ ಓದಿಸಿ. ಮಗುವೇ ಅದನ್ನು ಕೇಳಿಸಿಕೊಂಡು ಸರಿಪಡಿಸುತ್ತದೆ: ಒಂದು ಕಡೆ ಎರಡು ವಾಕ್ಯ ಸೇರಿಸುತ್ತದೆ, ಇನ್ನೊಂದು ಕಡೆ ಕ್ರಿಯಾಪದವಿಲ್ಲದ ವಾಕ್ಯ ಇಡುತ್ತದೆ, ಮತ್ತೊಂದು ಕಡೆ ಕರ್ತೃವನ್ನೇ ಕೊನೆಗೆ ತರುತ್ತದೆ.

ಹೆಚ್ಚಾಗಿ ಇಂಗ್ಲಿಷಿನಲ್ಲಿ ಓದುವ ಮಕ್ಕಳು ಕನ್ನಡದಲ್ಲಿ ಬರೆಯುವಾಗ 'ಅವನ ಕಣ್ಣುಗಳು ಕೋಣೆಯನ್ನು ಹುಡುಕಿದವು' ಎಂಬಂಥ ವಾಕ್ಯಗಳನ್ನು ತರುತ್ತಾರೆ. ಇದನ್ನು ತಪ್ಪೆಂದು ಹೊಡೆದುಹಾಕುವ ಬದಲು, ಇದೇ ಸಂಗತಿಯನ್ನು ನಿನ್ನ ಅಜ್ಜಿಗೆ ಹೇಳುವುದಾದರೆ ಹೇಗೆ ಹೇಳುತ್ತೀಯ ಎಂದು ಕೇಳುವುದು ಒಳ್ಳೆಯದು. 'ಕೋಣೆಯೆಲ್ಲ ಕಣ್ಣಾಡಿಸಿದ' ಎಂಬುದು ತಾನಾಗಿ ಬರುತ್ತದೆ. ಇಂಗ್ಲಿಷಿನಲ್ಲೇ ಬರೆಯಬೇಕೆಂಬ ಮಗು ಇಂಗ್ಲಿಷಿನಲ್ಲೇ ಬರೆಯಲಿ. ಭಾಷೆಯ ಆಯ್ಕೆ ಬರೆಯುವವರದು.

ಕಥಾಹಂದರದ ವಿಷಯ

ಕೇಂಬ್ರಿಜ್‌ನಲ್ಲಿ 1927ರಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಇಂಗ್ಲಿಷ್ ಕಾದಂಬರಿಕಾರ ಇ.ಎಂ. ಫಾರ್ಸ್ಟರ್ ಕೊಟ್ಟ ಒಂದು ಉದಾಹರಣೆ ಈ ವಯಸ್ಸಿನವರಿಗೆ ಥಟ್ಟನೆ ಹಿಡಿಸುತ್ತದೆ: ರಾಜ ಸತ್ತ, ಆಮೇಲೆ ರಾಣಿ ಸತ್ತಳು ಎಂದರೆ ಅದು ಘಟನೆಗಳ ಸಾಲು, ರಾಜ ಸತ್ತ, ಆ ದುಃಖದಿಂದ ರಾಣಿ ಸತ್ತಳು ಎಂದರೆ ಅಲ್ಲಿ ಹಂದರ ಹುಟ್ಟಿತು. ಮಗು ಬರೆದ ಕಥೆಯ ಘಟನೆಗಳನ್ನು ಚೀಟಿಗಳಲ್ಲಿ ಒಂದೊಂದಾಗಿ ಬರೆದು ನೆಲದ ಮೇಲೆ ಸಾಲಾಗಿ ಇಡಿಸಿ, ಪ್ರತಿ ಎರಡು ಚೀಟಿಗಳ ನಡುವೆ 'ಆಮೇಲೆ' ಎಂಬ ಪದ ಬರುತ್ತದೋ 'ಆದ್ದರಿಂದ', 'ಆದರೆ' ಎಂಬ ಪದಗಳು ಬರುತ್ತವೋ ನೋಡಿ. ಬರಿಯ 'ಆಮೇಲೆ' ಬಂದ ಕಡೆಗಳಲ್ಲಿ ಕಥೆ ಸಡಿಲವಾಗಿರುತ್ತದೆ.

ಏರಿಕೆ, ಶಿಖರ, ಇಳಿಕೆ ಎಂಬ ತ್ರಿಕೋನದ ಚಿತ್ರವನ್ನು ಅನೇಕ ಪಾಠಕ್ರಮಗಳು ಮೊದಲ ದಿನವೇ ಕೊಡುತ್ತವೆ. 1863ರಲ್ಲಿ ಜರ್ಮನಿಯ ಲೇಖಕ ಗುಸ್ತಾವ್ ಫ್ರೈಟಾಗ್ ಆ ಚಿತ್ರ ಬರೆದದ್ದು ಈಗಾಗಲೇ ಬರೆದು ಮುಗಿದಿದ್ದ ನಾಟಕಗಳ ರಚನೆಯನ್ನು ವಿವರಿಸುವುದಕ್ಕೆ. ಬರೆದದ್ದನ್ನು ಪರೀಕ್ಷಿಸಲು ಅದು ಉಪಯೋಗಕ್ಕೆ ಬರುತ್ತದೆ. ಖಾಲಿ ಹಾಳೆಯ ಮುಂದೆ ಕುಳಿತ ಮಗುವಿನ ಕೈಗೆ ಅದನ್ನು ಕೊಡುವುದು ನನಗೆ ಸರಿಕಾಣುವುದಿಲ್ಲ.

ಕರಡನ್ನು ಓದುವ ರೀತಿ

ಕಲಿಸುವವರ ನಿಜವಾದ ಕೆಲಸ ಇರುವುದು ಇಲ್ಲಿ. ಮಗು ಕರಡನ್ನು ಕೊಟ್ಟಾಗ ಕೈಯಲ್ಲಿ ಪೆನ್ನು ಇರದಂತೆ ನೋಡಿಕೊಳ್ಳಿ. ಮೊದಲ ಸಲ ಕೊನೆಯವರೆಗೆ ಸುಮ್ಮನೆ ಓದಿ. ಓದಿ ಮುಗಿಸಿದ ತಕ್ಷಣ, ಕಥೆಯಲ್ಲಿ ಏನಾಯಿತು ಎಂದು ನಿಮಗೆ ಅರ್ಥವಾಯಿತೋ ಅದನ್ನು ನಿಮ್ಮ ಮಾತಿನಲ್ಲಿ ಮಗುವಿಗೆ ಹೇಳಿ, ಹೊಗಳಿಕೆಯೂ ಬೇಡ, ತಕರಾರೂ ಬೇಡ. 'ಹುಡುಗಿ ಪತ್ರವನ್ನು ಹರಿದದ್ದು ತನ್ನ ಗೆಳತಿಯನ್ನು ಉಳಿಸಲು ಎಂದು ನನಗನ್ನಿಸಿತು' ಎಂದಾಗ, 'ಅಲ್ಲ, ಹೊಟ್ಟೆಕಿಚ್ಚಿನಿಂದ!' ಎಂದು ಮಗು ಕೂಗಿದರೆ, ಎಲ್ಲಿ ತಿದ್ದಬೇಕು ಎಂಬುದು ನೀವು ಹೇಳದೆಯೇ ಅದಕ್ಕೆ ತಿಳಿಯಿತು. ತಾನು ಅಂದುಕೊಂಡದ್ದಕ್ಕೂ ಕಾಗದದ ಮೇಲೆ ಬಂದದ್ದಕ್ಕೂ ಇರುವ ಅಂತರವನ್ನು ಬರೆಯುವವರಿಗೆ ತೋರಿಸಬಲ್ಲವರು ಓದುಗರು ಮಾತ್ರ.

ಎರಡನೆಯ ಸಲ ಓದುವಾಗ ಪೆನ್ಸಿಲಿನಲ್ಲಿ ಎರಡೇ ಗುರುತು: ಮನಸ್ಸು ಹಿಡಿದ ಕಡೆ ಒಂದು ಗೆರೆ, ಗಮನ ಜಾರಿದ ಕಡೆ ಒಂದು ಚುಕ್ಕೆ. ಹೊಗಳುವಾಗ ನಿರ್ದಿಷ್ಟವಾಗಿ ಹೊಗಳಿ. 'ಚೆನ್ನಾಗಿದೆ' ಎಂಬ ಮಾತಿನಿಂದ ಮಗುವಿಗೆ ಏನೂ ಸಿಗುವುದಿಲ್ಲ, ಏಕೆಂದರೆ ತಂದೆತಾಯಿ ಹಾಗೆ ಹೇಳಿಯೇ ಹೇಳುತ್ತಾರೆ ಎಂಬುದು ಅದಕ್ಕೆ ಗೊತ್ತು; 'ಅವನು ಚಪ್ಪಲಿಗಳನ್ನು ತಿರುಗಿಸಿಟ್ಟ ಕಡೆ ನಾನು ಉಸಿರು ಹಿಡಿದೆ' ಎಂಬುದನ್ನು ಅದು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತದೆ. ಬದಲಾಯಿಸಬೇಕಾದ ಸಂಗತಿಗಳು ಹನ್ನೆರಡಿದ್ದರೂ ಒಂದು ಕರಡಿಗೆ ಎರಡನ್ನು ಮಾತ್ರ ಹೇಳಿ, ಅವನ್ನೂ ಸಾಧ್ಯವಾದಷ್ಟು ಪ್ರಶ್ನೆಯಾಗಿ ಕೇಳಿ. ನಿಮಗೆ ಹೊಳೆದ ಒಳ್ಳೆಯ ವಾಕ್ಯವನ್ನು ಎಂದಿಗೂ ಬರೆದುಕೊಡಬೇಡಿ. ಆ ಆಸೆ ಬಲವಾಗಿ ಬರುತ್ತದೆ, ನನಗೆ ಇಂದಿಗೂ ಬರುತ್ತದೆ. ಆದರೆ ಒಮ್ಮೆ ನಿಮ್ಮ ವಾಕ್ಯ ಒಳಗೆ ಸೇರಿದರೆ ಆ ಕಥೆ ಮಗುವಿನದಾಗಿ ಉಳಿಯುವುದಿಲ್ಲ, ಅದು ಮಗುವಿಗೆ ನಿಮಗಿಂತ ಮೊದಲೇ ಗೊತ್ತಾಗುತ್ತದೆ.

ಕಾಗುಣಿತ, ವಿರಾಮಚಿಹ್ನೆಗಳು ಕಡೆಯ ಕರಡಿಗೆ ಮೀಸಲು. ಅವು ಮುಖ್ಯವಲ್ಲವೆಂದಲ್ಲ, ನಾಳೆ ತೆಗೆದುಹಾಕಬಹುದಾದ ಪುಟದ ಒತ್ತಕ್ಷರಗಳನ್ನು ಇಂದು ತಿದ್ದುವುದರಲ್ಲಿ ಅರ್ಥವಿಲ್ಲ. ಅಮೆರಿಕದ ಶಿಕ್ಷಣ ಸಂಶೋಧಕರಾದ ಸ್ಟೀವ್ ಗ್ರಹಾಂ ಮತ್ತು ಡೊಲೊರೆಸ್ ಪೆರಿನ್ 2007ರಲ್ಲಿ ಹದಿಹರೆಯದವರ ಬರವಣಿಗೆಯನ್ನು ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿ ಸಿದ್ಧಪಡಿಸಿದ ವರದಿಯಲ್ಲಿ, ಫಲ ಕೊಡುವ 11 ಅಂಶಗಳನ್ನು ಗುರುತಿಸಿದ್ದಾರೆ. ಯೋಜಿಸುವ, ತಿದ್ದಿ ಬರೆಯುವ ಕ್ರಮಗಳನ್ನು ಹೇಳಿಕೊಡುವುದು, ಜೊತೆಗೂಡಿ ಬರೆಯುವುದು, ನಿರ್ದಿಷ್ಟ ಗುರಿ ಕೊಡುವುದು, ಸಣ್ಣ ವಾಕ್ಯಗಳನ್ನು ಸೇರಿಸಿ ದೊಡ್ಡ ವಾಕ್ಯ ಕಟ್ಟಿಸುವುದು, ಮಾದರಿಗಳನ್ನು ಅಭ್ಯಸಿಸುವುದು ಅವುಗಳಲ್ಲಿ ಸೇರಿವೆ. ವ್ಯಾಕರಣವನ್ನು ಬೇರೆಯಾಗಿ, ನಿಯಮಗಳ ರೂಪದಲ್ಲಿ ಕಲಿಸುವುದರಿಂದ ಬರವಣಿಗೆ ಸುಧಾರಿಸಲಿಲ್ಲ ಎಂಬುದೂ ಅದೇ ವರದಿಯಲ್ಲಿದೆ. ವಾಕ್ಯ ಸೇರಿಸುವ ಅಭ್ಯಾಸವನ್ನಂತೂ ಕನ್ನಡದಲ್ಲಿ ಧಾರಾಳವಾಗಿ ಮಾಡಿಸಬಹುದು: 'ಬಾಗಿಲು ತೆರೆಯಿತು. ಗಾಳಿ ಬಂತು. ದೀಪ ಆರಿತು' ಎಂಬ ಮೂರನ್ನು ಎಷ್ಟು ಬಗೆಯಲ್ಲಿ ಒಂದಾಗಿಸಬಹುದು, ಯಾವುದರಲ್ಲಿ ಕತ್ತಲು ಹೆಚ್ಚು ಹಠಾತ್ತಾಗಿ ಬರುತ್ತದೆ ಎಂದು ಮಾತಾಡುತ್ತಲೇ ಅರ್ಧ ಗಂಟೆ ಕಳೆಯುತ್ತದೆ.

ಒಂದು ಕರಡಿಗೂ ಮುಂದಿನದಕ್ಕೂ ನಡುವೆ ಕನಿಷ್ಠ ಒಂದು ವಾರ ಬಿಡುವಿರಲಿ. ಮನೆಯಲ್ಲಿ ಕಲಿಸುವವರಿಗೆ ಇದು ದೊಡ್ಡ ಅನುಕೂಲ, ಅವಧಿ ಮುಗಿಯಿತೆಂದು ಗಂಟೆ ಬಾರಿಸುವವರು ಯಾರೂ ಇಲ್ಲ. ಮಗು ತನ್ನ ಕರಡನ್ನು ತಾನೇ ಗಟ್ಟಿಯಾಗಿ ಓದಲಿ. ನಾಲಗೆ ತಡವರಿಸಿದ ಕಡೆ ಸಾಮಾನ್ಯವಾಗಿ ವಾಕ್ಯವೂ ಎಡವಿರುತ್ತದೆ.

ಕಥೆಯಲ್ಲಿ ಕಷ್ಟದ ವಿಷಯಗಳು ಬಂದಾಗ

ಈ ವಯಸ್ಸಿನವರು ಸಾವು, ಹಿಂಸೆ, ಒಂಟಿತನ, ಮನೆಯವರ ಮೇಲಿನ ಸಿಟ್ಟು ಇವನ್ನೆಲ್ಲ ಬರೆಯುತ್ತಾರೆ. ಕಥೆಯಲ್ಲಿ ಒಬ್ಬ ಕ್ರೂರ ತಾಯಿ ಬಂದ ಕೂಡಲೇ 'ಇದು ನಾನಾ?' ಎಂದು ಕೇಳಿದರೆ ಕಥೆ ಅಲ್ಲಿಗೆ ನಿಲ್ಲುತ್ತದೆ. ಪಾತ್ರದ ಮಾತು ಬರೆದವರ ಮಾತಲ್ಲ ಎಂಬ ಮರ್ಯಾದೆಯನ್ನು ದೊಡ್ಡ ಲೇಖಕರಿಗೆ ಕೊಡುವಂತೆ ಮಗುವಿಗೂ ಕೊಡಬೇಕು. ಹಾಗೆಂದು ಕಣ್ಣು ಮುಚ್ಚಿಕೊಳ್ಳುವುದೂ ತಪ್ಪು. ತನ್ನನ್ನು ತಾನು ನೋಯಿಸಿಕೊಳ್ಳುವ ವಿಚಾರ ಮತ್ತೆ ಮತ್ತೆ ಬಂದರೆ, ಅದರ ಜೊತೆಗೆ ಮಗುವಿನ ನಿದ್ದೆ, ಊಟ, ಮಾತು ಬದಲಾಗಿದ್ದರೆ, ಕರಡನ್ನು ಪಕ್ಕಕ್ಕಿಟ್ಟು ತಂದೆಯಾಗಿ ಅಥವಾ ತಾಯಿಯಾಗಿ ನೇರವಾಗಿ ಕೇಳಿ, 'ನೀನು ಹೇಗಿದ್ದೀಯ? ಸಾಯಬೇಕು ಅನ್ನಿಸುತ್ತಿದೆಯಾ?' ಎಂದು. ನೇರವಾಗಿ ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಅಗತ್ಯವಿದ್ದರೆ ತಡಮಾಡದೆ ವೈದ್ಯರನ್ನೋ ಆಪ್ತಸಲಹೆಗಾರರನ್ನೋ ಕಾಣಿ. ಆ ಮಾತುಕತೆ ಬರವಣಿಗೆಯ ತರಗತಿಯ ಹೊತ್ತಿನಲ್ಲಿ, ಕಥೆಯ ವಿಮರ್ಶೆಯ ವೇಷದಲ್ಲಿ ಆಗಬಾರದು. ಮನೆಯವರ ಗುಟ್ಟು ಕಥೆಯಾಗಿ ಹೊರಗಿನವರ ಕೈಗೆ ಹೋಗುವಂತಿದ್ದರೆ, ಬರೆಯಲು ಬಿಡಿ, ಹೊರಗೆ ಕೊಡುವ ಮುನ್ನ ಹೆಸರು, ಸಂದರ್ಭ, ಸಂಬಂಧಗಳನ್ನು ಹೇಗೆ ಬದಲಾಯಿಸಬೇಕೆಂದು ಕಲಿಸಿ. ಇದು ಕಥೆಗಾರರೆಲ್ಲ ಕಲಿಯಬೇಕಾದ ವಿದ್ಯೆ.

ಬೇರೆ ಓದುಗರು

ನೀವು ಎಷ್ಟೇ ಒಳ್ಳೆಯ ಓದುಗರಾದರೂ ಒಬ್ಬರೇ. ಮನೆಯಲ್ಲೇ ಕಲಿಸುವ ಇನ್ನೆರಡು ಮೂರು ಕುಟುಂಬಗಳ ಹೆಚ್ಚುಕಡಿಮೆ ಒಂದೇ ವಯಸ್ಸಿನ ಮಕ್ಕಳನ್ನು ತಿಂಗಳಿಗೆ ಎರಡು ಸಲ ಸೇರಿಸಿದರೆ, ಎದುರೆದುರೋ ಪರದೆಯ ಮೇಲೋ, ಅದರಿಂದ ಆಗುವ ಲಾಭಕ್ಕೆ ಬೇರೆ ಪರ್ಯಾಯವಿಲ್ಲ. 1936ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಬರಹಗಾರರ ಕಮ್ಮಟದ ಹೆಸರಿನೊಂದಿಗೆ ಒಂದು ಪದ್ಧತಿ ತಳುಕು ಹಾಕಿಕೊಂಡಿದೆ: ಎಲ್ಲರೂ ಕಥೆಯನ್ನು ಮೊದಲೇ ಓದಿಕೊಂಡು ಬರುತ್ತಾರೆ, ಚರ್ಚೆ ನಡೆಯುವಾಗ ಬರೆದವರು ಮೌನವಾಗಿ ಕೇಳಿಸಿಕೊಳ್ಳುತ್ತಾರೆ. ದೊಡ್ಡವರಿಗೆ ಅದು ಸರಿ. 15 ವರ್ಷದವರಿಗೆ ಅರ್ಧ ಗಂಟೆಯ ಮೌನ ಶಿಕ್ಷೆಯಾಗಬಹುದು. ಹತ್ತು ನಿಮಿಷ ಮೌನ, ಆಮೇಲೆ ಬರೆದವರೇ ತಮಗೆ ಬೇಕಾದ ಪ್ರಶ್ನೆ ಕೇಳಲಿ ಎಂಬ ಹೊಂದಾಣಿಕೆ ನಮ್ಮ ಗುಂಪಿನಲ್ಲಿ ಚೆನ್ನಾಗಿ ನಡೆದಿದೆ. ದೊಡ್ಡವರು ಕೋಣೆಯ ಹೊರಗಿರುವುದು ಮೇಲು. ಮನೆಯಲ್ಲೇ ಇರುವ ತಮ್ಮ ತಂಗಿಯರನ್ನೂ ಓದುಗರೆಂದು ಎಣಿಸಿ. ಕಥೆ ಎಲ್ಲಿ ಸಪ್ಪೆಯಾಯಿತೋ ಅಲ್ಲಿ ಎದ್ದುಹೋಗುವ ಒಂಬತ್ತು ವರ್ಷದವರಷ್ಟು ಪ್ರಾಮಾಣಿಕ ವಿಮರ್ಶಕರು ಸಿಗುವುದಿಲ್ಲ.

ಕೇಳಿದ್ದನ್ನು ಕ್ಷಣದಲ್ಲಿ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳ ಬಗ್ಗೆ ಮೊದಲೇ ಮಾತಾಡಿ ಒಪ್ಪಂದ ಮಾಡಿಕೊಳ್ಳಬೇಕು. ನಮ್ಮಲ್ಲಿ ಕರಡು ಬರೆಯುವುದಕ್ಕೂ ವಾಕ್ಯ ಸುಧಾರಿಸುವುದಕ್ಕೂ ಅವನ್ನು ಬಳಸುವಂತಿಲ್ಲ. ಹಡಗಿನ ಭಾಗಗಳಿಗೆ ಏನೆನ್ನುತ್ತಾರೆ ಎಂದು ಕೇಳಿ, ಬಂದ ಉತ್ತರವನ್ನು ಪುಸ್ತಕದಲ್ಲಿ ಪರಿಶೀಲಿಸಿಕೊಳ್ಳಬಹುದು. ಸಾಧನ ಬರೆದ ವಾಕ್ಯ ಮಗುವಿನದಕ್ಕಿಂತ ನಯವಾಗಿರಬಹುದು. ಆದರೆ ಸರಿಯಾದ ಪದ ಸಿಗದೆ ಅರ್ಧ ಗಂಟೆ ಒದ್ದಾಡುವಾಗಲೇ ಕಲಿಕೆ ನಡೆಯುವುದು, ಆ ಒದ್ದಾಟವನ್ನು ತಪ್ಪಿಸಿದರೆ ಪಾಠವೇ ತಪ್ಪಿಹೋಗುತ್ತದೆ.

ದಾಖಲೆ ಮತ್ತು ಮೌಲ್ಯಮಾಪನ

ಮುಂದಿನ ಓದಿಗಾಗಿ ಅಂಕವನ್ನೋ ಶ್ರೇಣಿಯನ್ನೋ ತೋರಿಸಬೇಕಾಗಿ ಬರಬಹುದು. ಕಥೆಗೆ ಅಂಕ ಕೊಡುವ ಬದಲು ಕೆಲಸಕ್ಕೆ ಕೊಡಿ: ಎಷ್ಟು ಕಥೆ ಮುಗಿಸಿತು, ಪ್ರತಿಯೊಂದಕ್ಕೂ ಎಷ್ಟು ಕರಡು ಬರೆಯಿತು, ಮೊದಲ ಕರಡಿಗೂ ಕೊನೆಯದಕ್ಕೂ ಏನು ಬದಲಾಯಿತೆಂದು ತಾನೇ ಒಂದು ಪುಟ ಬರೆಯಬಲ್ಲುದೇ, ಬೇರೆಯವರ ಕಥೆಯನ್ನು ಗಮನವಿಟ್ಟು ಓದಿ ಉಪಯುಕ್ತವಾದದ್ದನ್ನು ಹೇಳಿತೇ. ಎಲ್ಲ ಕರಡುಗಳ ಮೇಲೂ ದಿನಾಂಕ ಬರೆದು ಒಂದು ಕಡತದಲ್ಲಿ ಇಡಿ. ವರ್ಷದ ಕೊನೆಗೆ ಮಗು ತಾನೇ ಆರಿಸಿದ ಮೂರು ಕಥೆಗಳನ್ನು ಮುಂದೆ ಇಟ್ಟು, ಉಳಿದವನ್ನು ಹಿಂದೆ ಸೇರಿಸಿದರೆ, ನೋಡುವವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಪತ್ರಿಕೆಗಳಿಗೂ ಸ್ಪರ್ಧೆಗಳಿಗೂ ಕಳಿಸುವ ಆಸೆಯಿದ್ದರೆ ಕಳಿಸಲಿ. ಪದಮಿತಿಯನ್ನೂ ನಿಯಮಗಳನ್ನೂ ತಾನೇ ಓದಿ ತಾನೇ ಕಳಿಸಲಿ, ತಿರಸ್ಕಾರದ ಪತ್ರ ಬಂದರೆ ಅದನ್ನೂ ಅದೇ ಕಡತದಲ್ಲಿ ಇಡಲಿ.

16, 17ನೆಯ ವಯಸ್ಸಿಗೆ ಬರುವ ಹೊತ್ತಿಗೆ ಕೆಲವರು ತೋರಿಸುವುದನ್ನು ಮತ್ತೆ ನಿಲ್ಲಿಸುತ್ತಾರೆ. ಇದು ಮೊದಲ ಸಲದ ಮೌನದಂತಲ್ಲ. ತಮ್ಮ ಓದುಗರನ್ನು ತಾವೇ ಹುಡುಕಿಕೊಂಡಿರುತ್ತಾರೆ, ಆ ಪಟ್ಟಿಯಲ್ಲಿ ನೀವು ಇರಬಹುದು, ಇರದೆಯೂ ಇರಬಹುದು. ಆಗ ದಾಖಲೆಯಲ್ಲಿ ಬರೆದ ಗಂಟೆಗಳನ್ನಷ್ಟೇ ಗುರುತಿಸಿ, ಕೇಳಿದಾಗ ಓದಿ, ಕೇಳದಿದ್ದಾಗ ಬಾಗಿಲು ತಟ್ಟಬೇಡಿ. ನನ್ನ ಮಗಳು ಕಳೆದ ವರ್ಷ ಒಂದು ಕಥೆಯನ್ನು ಎಂಟು ತಿಂಗಳು ಬರೆದಳು. ಮುಗಿದ ದಿನ ರಾತ್ರಿ ಪುಟಗಳನ್ನು ನನ್ನ ಮೇಜಿನ ಮೇಲೆ ಇಟ್ಟು, ಅಲ್ಲಿದ್ದ ಪೆನ್ನನ್ನು ತೆಗೆದುಕೊಂಡು ಹೋದಳು.